395 ಡಾಲರ್ ಕೊಟ್ಟು ಎರಡು ಗಂಟೆ ಪ್ರಶ್ನೆ ಕೇಳಿದ ಕಥೆ

ಇಲ್ಲಿ ಕೆನಡಾದಲ್ಲಿ ನಮ್ಮ ಹೂಡಿಕೆಗಳ ಬಗ್ಗೆ ಕೇಳೋಣ ಅಂತ ಒಬ್ಬ ಹಣಕಾಸು ಸಲಹೆಗಾರರ ಹತ್ತಿರ ಹೋಗಿದ್ದೆವು. ಫೀಸು 350 ಡಾಲರ್, ಅದರ ಮೇಲೆ 13% ಎಚ್‌ಎಸ್‌ಟಿ ಅನ್ನುವ ಮಾರಾಟ ತೆರಿಗೆ. ಒಟ್ಟು 395.50. ಕಾರ್ಡ್ ಉಜ್ಜುವಾಗ ನಮ್ಮ ಯಜಮಾನರ ಮುಖ ನೋಡಬೇಕಿತ್ತು! ಬ್ಯಾಂಕಿನಲ್ಲಿ ಬಿಟ್ಟಿ ಸಲಹೆ ಸಿಗುತ್ತಲ್ಲ ಅಂತ ಅವರ ವಾದ. ಸಿಗುತ್ತೆ, ಆದರೆ ಅಲ್ಲಿ ಕೂರಿಸಿ ಕೊಡಿಸುವ ಮ್ಯೂಚುವಲ್ ಫಂಡು ವರ್ಷಕ್ಕೆ ನೂರಕ್ಕೆ ಎರಡರ ಆಸುಪಾಸು ಖರ್ಚು ಮುರಿದುಕೊಂಡರೆ ನನ್ನ 80,000ಕ್ಕೆ 1,600 ಆಯಿತು. ಮಿಸ್ಸಿಸಾಗಾದ ಈ ಸಲಹೆಗಾರರು ಏನನ್ನೂ ಮಾರುವುದಿಲ್ಲ. ಫೀಸು ತಗೊಳ್ತಾರೆ, ಉತ್ತರ ಹೇಳ್ತಾರೆ.

ನಾನು ಬ್ರಾಂಪ್ಟನ್‌ನಲ್ಲಿ ಲ್ಯಾಬ್ ಟೆಕ್ನಿಷಿಯನ್, ರಾತ್ರಿ ಪಾಳಿ. ಷೇರು ಕೊಳ್ಳುವುದೆಲ್ಲ ಬೆಳಿಗ್ಗೆ ಮನೆಗೆ ಬಂದು, ಕಣ್ಣು ಎಳೆಯುವಾಗ, ಮೊಬೈಲಿನಲ್ಲಿ. ಕೇಳಬೇಕಾದ್ದನ್ನೆಲ್ಲ ದಿನಸಿ ಬಿಲ್ಲಿನ ಹಿಂದೆ ಗೀಚಿಕೊಂಡು ಹೋಗಿದ್ದೆ.

ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದೆ. ಗಳಿಕೆಗೆ ತೆರಿಗೆ ಇಲ್ಲದ ಟಿಎಫ್‌ಎಸ್‌ಎ ಅನ್ನುವ ಉಳಿತಾಯ ಖಾತೆಗೆ 2025ರ ಹೊತ್ತಿಗೆ ಒಟ್ಟು 1,02,000 ಡಾಲರ್ ಹಾಕಬಹುದು ಅಂತ ಕೆಲಸದಲ್ಲಿ ಎಲ್ಲರೂ ಹೇಳ್ತಿದ್ದರು. ಅದು 2009ರಲ್ಲಿ ಆ ಖಾತೆ ಶುರುವಾದಾಗಲೇ ಹದಿನೆಂಟು ತುಂಬಿ ಇಲ್ಲೇ ಇದ್ದವರ ಲೆಕ್ಕ. ನಾವು ಬಂದಿಳಿದದ್ದು 2014ರಲ್ಲಿ. ಸಲಹೆಗಾರರು ವರ್ಷ ವರ್ಷದ ಮಿತಿ ಕೂಡಿಸಿ 76,500 ಅಂತ ಕಾಗದದ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು. ನಾನು ಹಾಕಿದ್ದು 80,000. ಹೆಚ್ಚಾದ 3,500ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ದಂಡ. ಆಗಸ್ಟ್‌ನಲ್ಲಿ ಹಾಕಿ ನವೆಂಬರ್‌ನಲ್ಲಿ ತೆಗೆದದ್ದಕ್ಕೆ 140 ಡಾಲರ್. ಇನ್ನೆರಡು ವರ್ಷ ಹಾಗೇ ಬಿಟ್ಟಿದ್ದರೆ?

ಯಜಮಾನರದು ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭ) ಹುಚ್ಚು. ಡಿವಿಡೆಂಡ್ ಬಂದರೆ ಮನೆ ಬಾಡಿಗೆ ಬಂದ ಹಾಗೆ ಅಂತಾರೆ. ಅಮೆರಿಕದ ಷೇರುಗಳನ್ನೂ ಟಿಎಫ್‌ಎಸ್‌ಎಯಲ್ಲೇ ಇಟ್ಟಿದ್ದರು. ಅಲ್ಲಿ ಬರುವ ಡಿವಿಡೆಂಡಿನಲ್ಲಿ 15% ಅಮೆರಿಕ ಮೊದಲೇ ಹಿಡಿದುಕೊಳ್ಳುತ್ತೆ, ನಿವೃತ್ತಿ ಉಳಿತಾಯದ ಆರ್‌ಆರ್‌ಎಸ್‌ಪಿ ಖಾತೆಯಲ್ಲಿದ್ದರೆ ಹಿಡಿಯುವುದಿಲ್ಲ. ನಾಲ್ಕು ವರ್ಷದಿಂದ ಕಳಕೊಂಡದ್ದಕ್ಕೆ ಅವರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಇನ್ನೊಂದು, ನಷ್ಟಕ್ಕೆ ಮಾರುವ ವಿಚಾರ. ಸಾಮಾನ್ಯ ಖಾತೆಯಲ್ಲಿ ನಾನು ಷೇರು ನಷ್ಟಕ್ಕೆ ಮಾರಿ, ಹದಿನೈದು ದಿನದಲ್ಲಿ ಯಜಮಾನರು ತಮ್ಮ ಖಾತೆಯಲ್ಲಿ ಅದನ್ನೇ ಕೊಂಡಿಟ್ಟುಕೊಂಡರೆ ತೆರಿಗೆಯವರು ಆ ನಷ್ಟವನ್ನು ಲಾಭದಿಂದ ಕಳೆಯಲು ಒಪ್ಪುವುದಿಲ್ಲವಂತೆ. ಮಾರಿದ ದಿನದ ಹಿಂದೆ 30, ಮುಂದೆ 30 ದಿನ ಸುಮ್ಮನಿರಬೇಕು. ಗಂಡ ಹೆಂಡತಿ ಒಂದೇ ಅಂತ ಪುರೋಹಿತರು ಹೇಳಿದ್ದನ್ನು ಕೆನಡಾ ಸರ್ಕಾರವೂ ನಂಬಿದೆ.

ಡಾಲರ್ ಬದಲಿಸುವ ಉಪಾಯ ಮಾತ್ರ ನನಗೆ ತುಂಬಾ ಹಿಡಿಸಿತು. ಬ್ರೋಕರ್ ಹತ್ತಿರ ಕೆನಡಾ ಡಾಲರ್ ಕೊಟ್ಟು ಅಮೆರಿಕದ್ದು ತಗೊಂಡರೆ ನೂರಕ್ಕೆ ಒಂದೂವರೆಯಷ್ಟು ಹೋಗುತ್ತೆ. ಅದರ ಬದಲು ಡಿಎಲ್‌ಆರ್ ಅನ್ನುವ ಇಟಿಎಫ್ (ಷೇರಿನಂತೆ ಕೊಂಡು ಮಾರುವ ಫಂಡು) ಕೆನಡಾ ಡಾಲರಿನಲ್ಲಿ ಕೊಂಡು, ಬ್ರೋಕರ್‌ಗೆ ಫೋನ್ ಮಾಡಿ ಅದನ್ನು ಖಾತೆಯ ಅಮೆರಿಕ ಡಾಲರ್ ಕಡೆಗೆ ಜರ್ನಲ್ ಮಾಡಿಸಿ, ಅಂದರೆ ವರ್ಗಾಯಿಸಿ, ಅಲ್ಲಿ ಮಾರುವುದು. ಮನೆಗೆ ಬಂದು 10,000ಕ್ಕೆ ಮಾಡಿ ನೋಡಿದೆ. ಫೋನಿನಲ್ಲಿ ಸಂಗೀತ ಕೇಳುತ್ತಾ ನಲವತ್ತು ನಿಮಿಷ ಕಾದೆ, ಮೂರು ದಿನ ಹಿಡೀತು, ಆದರೆ ನೂರು ಡಾಲರ್‌ಗೂ ಹೆಚ್ಚು ಉಳೀತು.

ಬೇಜಾರೂ ಇದೆ. 'ಯಾವುದು ಕೊಳ್ಳಲಿ' ಅಂತ ಕೇಳಿದ್ದಕ್ಕೆ, ಇಂಥದೇ ಷೇರು ಅಂತ ಹೇಳುವ ಲೈಸೆನ್ಸ್ ನನಗಿಲ್ಲ ಅಂದರು. ಸರಿ, ಆದರೆ ಇದನ್ನು ಬುಕ್ ಮಾಡುವಾಗಲೇ ಹೇಳಬೇಕಿತ್ತು. ಒಂದು ವಾರ ಅಂದ ಲಿಖಿತ ವರದಿ ಬಂದದ್ದು 23ನೇ ದಿನಕ್ಕೆ.

ಅಷ್ಟಾದರೂ ಕೊಟ್ಟ ದುಡ್ಡು ದಕ್ಕಿತು ಅನ್ನಿಸಿದ್ದು ನನ್ನ ಬಿಲ್ಲಿನಲ್ಲಿ ಇಲ್ಲದ ಪ್ರಶ್ನೆಯಿಂದ. ಹೊರಡುವಾಗ, ಇಂಡಿಯಾದಲ್ಲಿ ಏನಾದರೂ ಇದೆಯಾ ಅಂದರು. ಹಾಸನದಲ್ಲಿ ಬಾಡಿಗೆಗೆ ಕೊಟ್ಟ ಮನೆ, ಕಂತಿನಲ್ಲಿ ಕಟ್ಟುವ ಮ್ಯೂಚುವಲ್ ಫಂಡಿನ ಒಂದಿಷ್ಟು ಎಸ್‌ಐಪಿ. ಎರಡೂ ನನ್ನ ಹೆಸರಿನಲ್ಲೇ. ಎಲ್ಲದರ ಕೊಂಡ ಬೆಲೆ ಕೂಡಿಸಿ 1,00,000 ಡಾಲರ್, ಅಂದರೆ ನಮ್ಮ 60 ಲಕ್ಷ ರೂಪಾಯಿ ಹತ್ತಿರ, ದಾಟಿದರೆ ಹೊರದೇಶದ ಆಸ್ತಿ ತಿಳಿಸುವ ಟಿ1135 ಫಾರಂ ತುಂಬಬೇಕು, ಆದಾಯ ಬರಲಿ ಬಿಡಲಿ. ತಡವಾದರೆ ದಿನಕ್ಕೆ 25 ಡಾಲರ್, 2,500ರ ತನಕ. ಹನ್ನೊಂದು ವರ್ಷದಲ್ಲಿ ಈ ಮಾತು ನನಗೆ ಯಾರೂ ಹೇಳಿರಲಿಲ್ಲ.

ವರದಿಯಲ್ಲಿ ಮಾತ್ರ ಆ ಮನೆ 'ಹಡ್ಸನ್'ನಲ್ಲಿ ಇದೆ ಅಂತ ಅಚ್ಚಾಗಿತ್ತು. ಹಡ್ಸನ್ ಕೆನಡಾದೊಳಗೇ, ಕ್ವಿಬೆಕ್‌ನಲ್ಲಿದೆ. ಅಲ್ಲಿದ್ದಿದ್ದರೆ ಫಾರಮ್ಮೇ ಬೇಕಿರಲಿಲ್ಲ! ಫೋನ್ ಮಾಡಿ ಎಚ್, ಎ, ಎಸ್, ಎಸ್, ಎ, ಎನ್ ಅಂತ ಬಿಡಿಸಿ ಹೇಳಿ ಸರಿ ಮಾಡಿಸಿದೆ. ಐದಕ್ಕೆ ನಾಲ್ಕು ಸ್ಟಾರ್.