ಮಾಡೆಲ್ ಎ ಫೋರ್ಡ್‌ಗೆ 5.5 ಹೆಡ್: ಆರು ವರ್ಷ ಓಡಿಸಿದ ಮೇಲೆ

ಹಳೆಯ ಮಾಡೆಲ್ ಎ ಫೋರ್ಡ್ ಕಾರಿಗೆ ಸಿಗುವ 5.5:1 ಕಂಪ್ರೆಷನ್ನಿನ ಈ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಮುಚ್ಚಳ) ಕೊಳ್ಳಬೇಕಾ ಬೇಡವಾ ಅಂತ ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕೊಳ್ಳಿ. ಆದರೆ ದುಡ್ಡು ಕೊಡುವ ಮೊದಲು ಎಂಜಿನ್ನಿನ ಕೆಳಗಿನ ಅರ್ಧ ಹೇಗಿದೆ ಅಂತ ಬಿಚ್ಚಿ ನೋಡಿ. ಆರು ವರ್ಷದಲ್ಲಿ ನನಗೆ ಬಂದ ತೊಂದರೆಗಳಲ್ಲಿ ಹೆಡ್ಡಿನ ತಪ್ಪು ಒಂದೇ ಒಂದು. ಉಳಿದದ್ದೆಲ್ಲ ಹಳೆಯ ಗಾಡಿಯೊಳಗೆ ಮೊದಲಿಂದ ಅಡಗಿದ್ದ ತೊಂದರೆಗಳು. ಜಾಸ್ತಿ ಶಕ್ತಿ ಬಂದಾಗ ಒಂದೊಂದಾಗಿ ಹೊರಗೆ ಬಂದವು.

ನನ್ನದು 1930ರ ಮಾಡೆಲ್ ಎ ರೋಡ್‌ಸ್ಟರ್. ನಾನು ಕೊಳ್ಳುವಾಗಲೇ ಯಾರೋ ಮಡ್‌ಗಾರ್ಡ್ ಬಿಚ್ಚಿ, ಮುಂದಿನ ಆಕ್ಸಲ್ ತಗ್ಗಿಸಿ ಹಾಟ್ ರಾಡ್ ಮಾಡಿದ್ದರು. ಎಂಜಿನ್ ಮಾತ್ರ ಹಳೆಯ ನಾಲ್ಕು ಸಿಲಿಂಡರಿನದೇ. ಇಲ್ಲಿ ಮಿಷಿಗನ್ನಿನಲ್ಲಿ ಇದನ್ನು ಪ್ರೀತಿಯಿಂದ ಬ್ಯಾಂಗರ್ ಅಂತಾರೆ. ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಡಿಯರ್‌ಬಾರ್ನಿನ ರೂಜ್ ಕಾರ್ಖಾನೆ ಇದೆ. ಮಾಡೆಲ್ ಎ ಹುಟ್ಟಿದ ಊರದು. 1932ರಲ್ಲಿ ಫೋರ್ಡ್‌ನವರೇ 65 ಕುದುರೆ ಶಕ್ತಿಯ ವಿ8 ತಂದ ಮೇಲೆ ವೇಗ ಬೇಕಾದವರು ನಾಲ್ಕು ಸಿಲಿಂಡರನ್ನು ಬಿಟ್ಟು ಅದರ ಹಿಂದೆ ಹೋದರು. ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ಮ್ಯೂರಾಕ್ ಒಣ ಕೆರೆಯಲ್ಲಿ ಹುಡುಗರು ಈ ಬ್ಯಾಂಗರ್ ಹಾಕಿಕೊಂಡೇ ರೇಸ್ ಓಡಿಸುತ್ತಿದ್ದರು. ಎಡ್ ವಿನ್‌ಫೀಲ್ಡ್ ಅಂಥವರು ಫೋರ್ಡಿನ ನಾಲ್ಕು ಸಿಲಿಂಡರಿಗಾಗಿ ಹೆಡ್, ಕ್ಯಾಮ್, ಕಾರ್ಬುರೇಟರ್ ಮಾಡಿ ಮಾರುತ್ತಿದ್ದರು. ಆದ್ದರಿಂದ ಎಂಜಿನ್ ಬದಲಿಸುವ ಯೋಚನೆ ನನಗೆ ಬರಲೇ ಇಲ್ಲ. ಇದ್ದದ್ದನ್ನೇ ಚೆನ್ನಾಗಿ ಮಾಡಬೇಕು ಅಂತ ಆಸೆ.

ಮೂಲ ಎಂಜಿನ್ 3.3 ಲೀಟರಿನದು. ಅಷ್ಟು ದೊಡ್ಡದಾದರೂ ಶಕ್ತಿ 40 ಕುದುರೆ ಮಾತ್ರ, ಅದೂ 2200 ಆರ್‌ಪಿಎಮ್‌ನಲ್ಲಿ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವ ಲೆಕ್ಕ, 4.22:1. ಆ ಕಾಲದ ಪೆಟ್ರೋಲಿಗೆ ಅಷ್ಟೇ ಸರಿ. ಈಗ ಬಂಕಿನಲ್ಲಿ ಸಿಗುವ 87 ಆಕ್ಟೇನ್ ಪೆಟ್ರೋಲಿಗೆ 5.5:1 ಯಾವ ಲೆಕ್ಕವೂ ಅಲ್ಲ. ವಾಲ್ವ್‌ಗಳೆಲ್ಲ ಬ್ಲಾಕಿನಲ್ಲೇ ಇರುವುದರಿಂದ ಈ ಎಂಜಿನ್ನಿನ ಹೆಡ್ ಅಂದರೆ ಪಾತ್ರೆಯ ಮುಚ್ಚಳ ಇದ್ದ ಹಾಗೆ. 14 ನಟ್ ಬಿಚ್ಚಿದರೆ ಮೇಲೆ ಬರಬೇಕು. ಬರಬೇಕು, ಆದರೆ ಬರುವುದಿಲ್ಲ!

ತೊಂಬತ್ತು ವರ್ಷದ ತುಕ್ಕು ಸ್ಟಡ್ಡಿನ ಸುತ್ತ ಕೂತಿರುತ್ತದೆ. ನಾನು ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದೆ. ಆಮೇಲೆ ಪಕ್ಕದ ಬೀದಿಯ ಹಿರಿಯರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ನಟ್‌ಗಳನ್ನು ಎರಡು ಸುತ್ತು ಸಡಿಲ ಮಾಡಿ, ಪೂರ್ತಿ ತೆಗೆಯದೆ, ಎಂಜಿನ್ ಸ್ಟಾರ್ಟ್ ಮಾಡಬೇಕು. ಸಿಲಿಂಡರಿನ ಒತ್ತಡವೇ ಹೆಡ್ಡನ್ನು ಮೇಲಕ್ಕೆ ದೂಡುತ್ತದೆ. ನಾಲ್ಕನೇ ಸಲಕ್ಕೆ ಬುಸ್ ಅಂತ ನೀರು ಹಾರಿತು, ಹೆಡ್ ಎದ್ದಿತು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬ್ಲಾಕಿನ ಮುಖಕ್ಕೆ ಗೀರು ಬಿದ್ದರೆ ಹೊಸ ಗ್ಯಾಸ್ಕೆಟ್ ಹಿಡಿಯುವುದಿಲ್ಲ.

ಇನ್ನು ಹೊಸ ಹೆಡ್ ವಿಷಯ. ಬೆಲೆ ಮಧ್ಯಮ ದರ್ಜೆಯ ಒಂದು ಫೋನಿನಷ್ಟು. ಎರಕ ಚೆನ್ನಾಗಿದೆ, ಕೆಳಮುಖ ಸಪಾಟಾಗಿತ್ತು, ನೇರಪಟ್ಟಿ ಇಟ್ಟು ನೋಡಿದೆ. ತೊಂದರೆ ಇದ್ದದ್ದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂರುವ ತೂತಿನಲ್ಲಿ. ಮಾಡೆಲ್ ಎ ಯಲ್ಲಿ ಡಿಸ್ಟ್ರಿಬ್ಯೂಟರ್ ಹೆಡ್ಡಿನ ಮೇಲೆಯೇ ಕೂರುತ್ತದೆ, ಅದರ ಶಾಫ್ಟ್ ಹೆಡ್ಡಿನೊಳಗಿಂದ ಕೆಳಗೆ ಇಳಿಯುತ್ತದೆ. ನನಗೆ ಬಂದ ಹೆಡ್ಡಿನಲ್ಲಿ ಆ ತೂತು ಸ್ವಲ್ಪ ಬಿಗಿ. ಸುತ್ತಿಗೆಯಿಂದ ಬಡಿದು ಕೂರಿಸಬಾರದು ಅಂತ ಗೊತ್ತಿತ್ತು. ಬಡಿದಿದ್ದರೆ ಡಿಸ್ಟ್ರಿಬ್ಯೂಟರ್ ಬಾಡಿ ಬಿರುಕು ಬಿಡುತ್ತಿತ್ತು. ಮರದ ಕೋಲಿಗೆ ಸ್ಯಾಂಡ್‌ಪೇಪರ್ ಸುತ್ತಿ, ತಿರುಗಿಸಿ ತಿರುಗಿಸಿ ಒಂದು ಸಂಜೆ ಕೂತು ಸರಿ ಮಾಡಿದೆ. ಹೊಸ ಸಾಮಾನಿನಲ್ಲಿ ಇಂಥ ಕೆಲಸ ಉಳಿದಿರಬಾರದು ಅಲ್ವಾ. ಅದಕ್ಕೇ ಐದರಲ್ಲಿ ಅರ್ಧ ಅಂಕ ಕಳೆದಿದ್ದೇನೆ.

ಕೂರಿಸುವಾಗ ತಾಮ್ರದ ಗ್ಯಾಸ್ಕೆಟ್ ಹಾಕಿ, ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ 55 ಪೌಂಡ್-ಅಡಿವರೆಗೆ ಬಿಗಿ ಮಾಡಿದೆ. ಒಂದು ಸಲ ಎಂಜಿನ್ ಬಿಸಿ ಮಾಡಿ ಮತ್ತೆ ಬಿಗಿ. ನೂರು ಮೈಲಿ ಓಡಿಸಿ ಮತ್ತೊಮ್ಮೆ. ಮೂರನೇ ಸಲವೂ ನಾಲ್ಕು ನಟ್ ಸ್ವಲ್ಪ ತಿರುಗಿದವು. ಬಿಟ್ಟಿದ್ದರೆ ಗ್ಯಾಸ್ಕೆಟ್ ಖಂಡಿತ ಹೋಗುತ್ತಿತ್ತು. ಆರು ವರ್ಷವಾದರೂ ಅದೇ ಗ್ಯಾಸ್ಕೆಟ್ ಇದೆ.

ಮೊದಲ ದಿನದ ಓಟ ಇನ್ನೂ ನೆನಪಿದೆ. ನಮ್ಮ ಮನೆ ಹತ್ತಿರ ಒಂದು ಏರು ಇದೆ. ಮೊದಲು ಅದರ ಅರ್ಧಕ್ಕೆ ಬಂದಾಗ ಸೆಕೆಂಡ್ ಗೇರಿಗೆ ಇಳಿಸಬೇಕಿತ್ತು. ಅವತ್ತು ಟಾಪ್ ಗೇರಿನಲ್ಲೇ ಹತ್ತಿತು. ಕಂಪ್ರೆಷನ್ ಮೀಟರಿನಲ್ಲಿ ಮೊದಲು 55 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಸುತ್ತ ತೋರಿಸುತ್ತಿದ್ದದ್ದು ಈಗ 80 ದಾಟಿತು. ವೇಗ ಅಂಥಾ ಏನೂ ಹೆಚ್ಚಿಲ್ಲ. ಆದರೆ ಗಾಡಿ ಎಳೆಯುವ ರೀತಿಯೇ ಬೇರೆ ಆಯಿತು. ನನ್ನ ಮಗಳು ಪಕ್ಕದಲ್ಲಿ ಕೂತಿದ್ದಳು. "ಅಪ್ಪಾ, ಇದಕ್ಕೆ ಉಸಿರು ಬಂತು" ಅಂದಳು.

ಎರಡು ತಿಂಗಳಿಗೆ ಎಂಜಿನ್ ಅತಿಯಾಗಿ ಬಿಸಿಯಾಗಲು ಶುರುವಾಯಿತು. ನೀರು ಕುದಿದು ಮೇಲಿಂದ ಉಕ್ಕುತ್ತಿತ್ತು. ನೋಡಿದವರೆಲ್ಲ ಹೆಡ್ಡಿನದೇ ತಪ್ಪು ಅಂದರು. ಶಿವಮೊಗ್ಗದಲ್ಲಿರುವ ನಮ್ಮಪ್ಪ ಮೂವತ್ತು ವರ್ಷ ಲೇತ್ ಕೆಲಸ ಮಾಡಿದವರು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಏನಪ್ಪಾ, ಹೆಡ್ ಬಿಚ್ಚಿದಾಗ ನೀರಿನ ದಾರೀಲಿದ್ದ ತುಕ್ಕು ಎಲ್ಲಿಗೆ ಹೋಯ್ತು ನೋಡಿದ್ಯಾ?" ಅಂತ ಕೇಳಿದರು. ಅದೇ ಆಗಿತ್ತು. ಬ್ಲಾಕಿನೊಳಗಿನ ತುಕ್ಕು ಅಲುಗಾಡಿ, ಪಂಪಿನ ಓಟಕ್ಕೆ ರೇಡಿಯೇಟರಿಗೆ ಹೋಗಿ ಕೂತಿತ್ತು. ಲೇಸರ್ ಥರ್ಮಾಮೀಟರ್ ಹಿಡಿದು ರೇಡಿಯೇಟರಿನ ಮುಖದ ಮೇಲೆ ಅಳೆದೆ. ನಡುವಿನ ಒಂದು ಪಟ್ಟಿ ತಣ್ಣಗಿತ್ತು. ಅಲ್ಲಿ ನೀರೇ ಹರಿಯುತ್ತಿರಲಿಲ್ಲ. ರೇಡಿಯೇಟರ್ ಬಿಚ್ಚಿ ಉಲ್ಟಾ ನೀರು ಹಾಯಿಸಿದೆ. ಮೇಲಿನ ಹೋಸಿನೊಳಗೆ ಹೆಂಗಸರ ಹಳೆಯ ನೈಲಾನ್ ಕಾಲುಚೀಲದ ತುಂಡು ಕಟ್ಟಿದೆ. ಮೊದಲ ವಾರ ಒಂದು ಹಿಡಿ ತುಕ್ಕು ಸಿಕ್ಕಿತು. ನೀವು ಹೆಡ್ ಹಾಕುವ ದಿನವೇ ಈ ಬಟ್ಟೆ ಕಟ್ಟಿಬಿಡಿ.

ಹೀಗೆ ಬಿಸಿಯಾಗುವುದಕ್ಕೆ ಇನ್ನೊಂದು ಕಾರಣ ಕಿಡಿಯ ಸಮಯ. ಈ ಗಾಡಿಯಲ್ಲಿ ಸ್ಪಾರ್ಕನ್ನು ಹಿಂದೆ ಮುಂದೆ ಮಾಡುವುದು ಓಡಿಸುವವನ ಕೈಯಲ್ಲೇ ಇದೆ. ಸ್ಟೀರಿಂಗಿನ ಎಡಗಡೆಯ ಕಡ್ಡಿ ಅದಕ್ಕೆ. ಸ್ಟಾರ್ಟ್ ಮಾಡುವಾಗ ಪೂರ್ತಿ ಮೇಲೆ (ಕಿಡಿ ತಡವಾಗಿ), ಓಡುವಾಗ ಕೆಳಗೆ (ಕಿಡಿ ಮುಂಚೆ). ಹಾಗೇ ಮೇಲೆ ಬಿಟ್ಟು ಓಡಿಸಿದರೆ ಎಂಜಿನ್ ಕಾಯುತ್ತದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗಾಗುತ್ತದೆ. ಮೊದಲಿನ ಹೆಡ್ಡಿನಲ್ಲಿ ಪೂರ್ತಿ ಕೆಳಗೆ ಎಳೆದು ಓಡಿಸುತ್ತಿದ್ದೆ, ಹೊಸದು ಹಾಕಿದ ಮೇಲೂ ಹಾಗೇ ಮಾಡಿದೆ. ಕಂಪ್ರೆಷನ್ ಹೆಚ್ಚಾದರೆ ಪೆಟ್ರೋಲ್ ಬೇಗ ಉರಿಯುತ್ತದೆ, ಅಷ್ಟು ಮುಂಚಿತ ಕಿಡಿ ಬೇಡ. ಈಗ ಮೂರರಲ್ಲಿ ಎರಡು ಪಾಲು ಸಾಕು. ಏರಿನಲ್ಲಿ ಇನ್ನೂ ಸ್ವಲ್ಪ ಮೇಲೆ. ಇದನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ, ಕಿವಿಯಿಂದ ಕಲಿತೆ.

ಎರಡನೇ ವರ್ಷ ಬಂದದ್ದು ದೊಡ್ಡ ಪೆಟ್ಟು. 40 ಮೈಲಿ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಕೆಳಗಿನಿಂದ ಕಟ ಕಟ ಶಬ್ದ. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿಗೆ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಿಗೆ) ಮೂರೇ ಮೇನ್ ಬೇರಿಂಗು. ಅವೂ ಈಗಿನ ಹಾಗೆ ಬದಲಿಸುವ ಬುಷ್ ಅಲ್ಲ. ತವರ, ತಾಮ್ರ, ಆಂಟಿಮನಿ ಬೆರೆಸಿದ ಬ್ಯಾಬಿಟ್ ಲೋಹವನ್ನು ಕರಗಿಸಿ ಅಲ್ಲೇ ಎರೆದದ್ದು. ಮೆತ್ತಗಿನ ಲೋಹ. ಕಿಡಿ ತೀರಾ ಮುಂಚೆ ಬಿದ್ದರೆ ಸುತ್ತಿಗೆಯಲ್ಲಿ ಬಡಿದ ಹಾಗೆ ಅದು ಹರಡುತ್ತದೆ. ಮೊದಲ ಎರಡು ತಿಂಗಳು ಕಡ್ಡಿ ಪೂರ್ತಿ ಕೆಳಗೆ ಎಳೆದು ಓಡಿಸಿದ್ದಕ್ಕೆ ಇದು ಬಂತು ಅಂತ ನನ್ನ ನಂಬಿಕೆ.

ಯಾವ ಸಿಲಿಂಡರ್ ಅಂತ ಹುಡುಕುವುದು ಈ ಎಂಜಿನ್ನಿನಲ್ಲಿ ಬಹಳ ಸುಲಭ. ಪ್ಲಗ್ಗಿಗೆ ವೈರ್ ಇಲ್ಲ, ಹಿತ್ತಾಳೆ ಪಟ್ಟಿ ಇದೆ. ಮರದ ಹಿಡಿಯ ಸ್ಕ್ರೂಡ್ರೈವರ್ ತಗೊಂಡು, ತುದಿ ಹೆಡ್ಡಿಗೆ ತಾಗಿಸಿ, ನಡುಭಾಗ ಪ್ಲಗ್ಗಿನ ಮೇಲೆ ಒರಗಿಸಿದರೆ ಆ ಸಿಲಿಂಡರಿನ ಕಿಡಿ ಸತ್ತುಹೋಗುತ್ತದೆ. ಒಂದೊಂದಾಗಿ ಮಾಡಿದೆ. ಮೂರನೆಯದನ್ನು ಕೊಂದಾಗ ಶಬ್ದ ನಿಂತಿತು. ಅಂದರೆ ಮೂರನೇ ಕನೆಕ್ಟಿಂಗ್ ರಾಡಿನ ಬೇರಿಂಗು. ಎಣ್ಣೆ ತೊಟ್ಟಿ ಇಳಿಸಿ, ಕ್ಯಾಪ್ ಬಿಚ್ಚಿ, ಪ್ಲಾಸ್ಟಿಗೇಜ್ (ಸಂದು ಅಳೆಯುವ ಪ್ಲಾಸ್ಟಿಕ್ ಎಳೆ) ಇಟ್ಟು ಅಳೆದರೆ ಸಂದು 5 ಥೌ, ಅಂದರೆ ಇಂಚಿನ ಸಾವಿರದಲ್ಲಿ ಐದು ಪಾಲು. ಇರಬೇಕಾದದ್ದು ಒಂದರಿಂದ ಒಂದೂವರೆ. ಕ್ಯಾಪಿನ ಕೆಳಗಿನ ತೆಳು ಶಿಮ್‌ಗಳನ್ನು ಎರಡೂ ಕಡೆ ಸಮನಾಗಿ ತೆಗೆದು ಸರಿ ಮಾಡಬಹುದು. ನಾನು ಮೊದಲು ಹಾಗೇ ಮಾಡಿದೆ. ಆರು ತಿಂಗಳಿಗೆ ಶಬ್ದ ಮತ್ತೆ ಬಂತು, ಬ್ಯಾಬಿಟ್ ಬಿರುಕು ಬಿಟ್ಟಿತ್ತು. ಆಮೇಲೆ ಎಂಜಿನ್ ಇಳಿಸಿ ಎಲ್ಲವನ್ನೂ ಹೊಸದಾಗಿ ಎರೆಸಿದೆ. ಎರೆಯುವ ಕೆಲಸ ಮನೆಯಲ್ಲಿ ಆಗುವುದಲ್ಲ. ತಿಳಿದವರ ಕೈಗೆ ಕೊಡಿ. ಅದಕ್ಕೆ ಹಿಡಿದ ಖರ್ಚು ಹೆಡ್ಡಿನ ಬೆಲೆಯ ಹಲವು ಪಟ್ಟು. ಅದಕ್ಕೇ ಹೇಳುತ್ತಿರುವುದು, ಹೆಡ್ ಕೊಳ್ಳುವ ಮೊದಲು ಎಣ್ಣೆ ತೊಟ್ಟಿ ಇಳಿಸಿ ನಾಲ್ಕೂ ರಾಡ್ ಅಳೆಯಿರಿ. ಒಂದು ಭಾನುವಾರದ ಕೆಲಸ.

ಗೇರ್ ಬಾಕ್ಸಿನಿಂದ ಹಿಂದಕ್ಕೆ ಬಂದರೆ, ಮೂರನೇ ವರ್ಷ ಹಿಂದಿನಿಂದ ಟಕ್ ಅನ್ನುವ ಶಬ್ದ. ಕ್ಲಚ್ ಬಿಟ್ಟಾಗ ಒಂದು ಟಕ್, ರಿವರ್ಸ್ ಹಾಕಿದಾಗ ಇನ್ನೊಂದು. ನಾನು ಯೂನಿವರ್ಸಲ್ ಜಾಯಿಂಟ್ (ಗೇರ್ ಬಾಕ್ಸಿಗೂ ಹಿಂದಿನ ಶಾಫ್ಟಿಗೂ ನಡುವಿನ ಕೀಲು) ಅಂದುಕೊಂಡೆ. ಮಾಡೆಲ್ ಎ ಯಲ್ಲಿ ಅದನ್ನು ನೋಡಬೇಕಾದರೆ ಹಿಂದಿನ ಆಕ್ಸಲ್ ಪೂರ್ತಿ ಹಿಂದಕ್ಕೆ ಎಳೆಯಬೇಕು, ಯಾಕಂದರೆ ಶಾಫ್ಟ್ ಇರುವುದು ಮುಚ್ಚಿದ ಟಾರ್ಕ್ ಟ್ಯೂಬಿನೊಳಗೆ. ಎರಡು ದಿನ ಒದ್ದಾಡಿ ಎಳೆದೆ. ಜಾಯಿಂಟ್ ಚೆನ್ನಾಗೇ ಇತ್ತು! ತಪ್ಪು ಎಡಗಡೆ ಹಿಂದಿನ ಚಕ್ರದ ಹಬ್ಬಿನಲ್ಲಿತ್ತು. ಹಬ್ ಕೂರುವುದು ಆಕ್ಸಲಿನ ಇಳಿಜಾರು ತುದಿಯ ಮೇಲೆ, ಒಂದು ಸಣ್ಣ ಕೀ ಜೊತೆಗೆ. ನಟ್ ಸಡಿಲವಾಗಿ, ಹಬ್ ಆಡಿ ಆಡಿ, ಕೀ ಅರ್ಧ ತುಂಡಾಗಿತ್ತು. ಇನ್ನೂ ಓಡಿಸಿದ್ದರೆ ಆಕ್ಸಲೇ ಮುರಿಯುತ್ತಿತ್ತು. ಹೊಸ ಕೀ ಹಾಕಿ, ನಟ್ 100 ಪೌಂಡ್-ಅಡಿ ಬಿಗಿ ಮಾಡಿದೆ. ಈಗ ಪ್ರತಿ ವಸಂತದಲ್ಲಿ ಗಾಡಿ ಹೊರಗೆ ತೆಗೆಯುವ ಮೊದಲು ಆ ಎರಡು ನಟ್ ನೋಡುತ್ತೇನೆ. ಟಕ್ ಶಬ್ದ ಬಂದರೆ ನೀವೂ ಮೊದಲು ಅಲ್ಲಿಂದಲೇ ಶುರು ಮಾಡಿ. ಹತ್ತು ನಿಮಿಷದ ಕೆಲಸ, ಎರಡು ದಿನ ಉಳಿಯುತ್ತದೆ.

ಕಾರ್ಬುರೇಟರ್ ಬಗ್ಗೆ ಸ್ವಲ್ಪ. ಸ್ಟ್ರಾಂಬರ್ಗ್ 97 ಹಾಕಿದ್ದೇನೆ, ಈ ಹೆಡ್ಡಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದು ಮೇಲಿಂದ ಕೂರುವುದರಿಂದ ಟ್ಯಾಂಕಿನ ಪೆಟ್ರೋಲ್ ತಾನಾಗಿ ಇಳಿದು ಬರುವುದನ್ನು ನಂಬಿಕೊಳ್ಳಲು ಆಗುವುದಿಲ್ಲ, ಪಂಪ್ ಬೇಕು. ಒತ್ತಡ 2.5 ಪಿಎಸ್‌ಐ ಸುತ್ತ ಇರಲಿ. ನಾನು ಮೊದಲು ಸುಮ್ನೆ ಕೈಗೆ ಸಿಕ್ಕ ಪಂಪ್ ಹಾಕಿದ್ದಕ್ಕೆ, ಫ್ಲೋಟ್ ಮೇಲೆ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡ್ ಮೇಲೆ ಸುರಿಯಿತು. ಬೆಂಕಿ ಹತ್ತಲಿಲ್ಲ, ಅದು ನಮ್ಮ ಪುಣ್ಯ. ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಇಲ್ಲದೆ ಪಂಪ್ ಹಾಕಲೇಬೇಡಿ.

ಇದಕ್ಕಿಂತ ಹೆಚ್ಚಿನ ಕಂಪ್ರೆಷನ್ನಿನ ಹೆಡ್‌ಗಳೂ ಸಿಗುತ್ತವೆ. ಬ್ಯಾಬಿಟ್ ಬೇರಿಂಗ್ ಇರುವ ದಿನಬಳಕೆಯ ಗಾಡಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. 5.5ರಲ್ಲಿ ಕುಟುಂಬ ಕೂರಿಸಿಕೊಂಡು 45 ಮೈಲಿ ವೇಗದಲ್ಲಿ ನೆಮ್ಮದಿಯಾಗಿ ಹೋಗಬಹುದು. ಕೆಳಗಿನ ಅರ್ಧ ಗಟ್ಟಿಯಿದ್ದರೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ.

ಈಗ ಒಂದು ಕೆಲಸ ಬಾಕಿ ಇದೆ. ಮೊದಲ ಗೇರಿನಲ್ಲಿ ಹೊರಡುವಾಗ ಕ್ಲಚ್ ನಡುಗುತ್ತಿದೆ. ಹಿಂದಿನ ಮೇನ್ ಬೇರಿಂಗಿನ ಎಣ್ಣೆ ಪ್ಲೇಟಿಗೆ ತಾಗಿರಬಹುದು, ಇಲ್ಲವೇ ಫ್ಲೈವೀಲ್ ಹೌಸಿಂಗ್ (ಫ್ಲೈವೀಲಿನ ಸುತ್ತಲಿನ ಕವಚ) ಓರೆಯಾಗಿರಬಹುದು. ಹೌಸಿಂಗಿನ ಓರೆ 6 ಥೌ ಒಳಗೆ ಇರಬೇಕು. ನವೆಂಬರಿನಲ್ಲಿ ಹಿಮ ಬಿದ್ದ ಮೇಲೆ ಗೇರ್ ಬಾಕ್ಸ್ ಇಳಿಸಿ, ಡಯಲ್ ಗೇಜ್ ಇಟ್ಟು ಅಳೆಯುತ್ತೇನೆ. ಬಂದ ಅಳತೆಯನ್ನು ಇದೇ ವಿಮರ್ಶೆಯ ಕೆಳಗೆ ಸೇರಿಸುತ್ತೇನೆ.