ಜೀಪಿನ ನೆಲಕ್ಕೆ ಬೆಡ್ ಲೈನರ್ ಹೊಡೆಸುವವರೇ, ಕಿತ್ತು ಬಂದ ಈ ಪದರದ ಅಡಿಭಾಗ ಒಮ್ಮೆ ನೋಡಿ

ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಹಳೇ ಜೀಪು. ಮೇ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ ಮುಗಿಸಿಬಿಡೋಣ ಅಂತ ಅವಸರದಲ್ಲಿ ಒಳಗಿನ ನೆಲಕ್ಕೆ ಕಪ್ಪು ಬೆಡ್ ಲೈನರ್, ಅಂದರೆ ಗಾಡಿಯ ನೆಲ ಕಾಯಲು ಬಳಿಯುವ ರಬ್ಬರಿನಂಥ ದಪ್ಪ ಕೋಟಿಂಗ್, ಹೊಡೆಸಿದರು. ಗ್ಯಾರೇಜಿನಲ್ಲಿ ಎರಡೇ ದಿನದ ಕೆಲಸ. ಗಾಡಿ ಹೊರಗೆ ಬಂದಾಗ ನೆಲ ಹೊಸ ಟೈರಿನ ಹಾಗೆ ಕಾಣುತ್ತಿತ್ತು. ನವೆಂಬರಿನಲ್ಲಿ ಡ್ರೈವರ್ ಹಿಮ್ಮಡಿ ಊರುವ ಜಾಗದಲ್ಲಿ ಅಡಿಕೆ ಗಾತ್ರದ ಗುಳ್ಳೆ ಕಾಣಿಸಿತು. ಬ್ಲೇಡಿನಲ್ಲಿ ಸೀಳಿ ಎಳೆದರೆ ಕಾವಲಿಯಿಂದ ದೋಸೆ ಎದ್ದ ಹಾಗೆ ಪೆಡಲಿನಿಂದ ಸೀಟಿನ ಬುಡದವರೆಗೆ ಇಡೀ ಪದರ ಎದ್ದು ಬಂತು. ಒಳಗೆ ನೀರು. ನೀರಿನ ಕೆಳಗೆ ಸ್ಕ್ರೂಡ್ರೈವರ್ ಊರಿದರೆ ತೂತು ಬೀಳುವಂಥ ತಗಡು.

ಮಾಲು ಕಳಪೆ ಅಂತ ಬೈಯುವವರಿಗೆ ಒಂದು ಮಾತು. ಕಿತ್ತು ಬಂದ ಪದರವನ್ನು ಇಕ್ಕಳದಲ್ಲಿ ಹಿಡಿದು ಎಳೆದರೂ ಹರಿಯಲಿಲ್ಲ. ಕೋಟಿಂಗ್ ಗಟ್ಟಿಯಾಗಿಯೇ ಇತ್ತು, ಕಚ್ಚಿಕೊಳ್ಳಲು ಅದಕ್ಕೆ ತಗಡೇ ಸಿಕ್ಕಿರಲಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಪದರದ ಅಡಿಭಾಗದಲ್ಲೇ ಇದೆ. ತಿರುವಿ ಹಾಕಿ ನೋಡಿದರೆ ಒಂದೇ ತುಂಡಿನಲ್ಲಿ ನಾಲ್ಕು ಥರದ ತಪ್ಪು.

ಮೊದಲನೆಯದು, ಗಾಜಿನಂತೆ ನುಣುಪಾದ ಜಾಗ. ಅಲ್ಲಿ ಹಳೇ ಪೇಂಟ್ ಚೆನ್ನಾಗಿಯೇ ಇತ್ತು, ಅದನ್ನು ಉಜ್ಜದೆ ಮೇಲೆ ಹೊಡೆದಿದ್ದಾರೆ. ಬೆಡ್ ಲೈನರ್ ಹಿಡಿಯುವುದು ಗೀರುಗಳಲ್ಲಿ. ಗಟ್ಟಿ ಪೇಂಟ್ ಇರುವಲ್ಲಿ 180 ನಂಬರಿನ ಮರಳು ಕಾಗದದಲ್ಲಿ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಬೇಕು, ಬರಿ ತಗಡು ಕಾಣುವಲ್ಲಿ 80 ನಂಬರ್. ಗ್ರೈಂಡರಿಗೆ ವೈರ್ ಕಪ್ ಬ್ರಷ್ ಹಾಕಿ ತಿಕ್ಕಿದರೆ ತಗಡು ಫಳಫಳ ಅನ್ನುತ್ತದೆ, ಕೆಲಸ ಮುಗಿಯಿತು ಅಂತ ಎಲ್ಲರಿಗೂ ಸಮಾಧಾನ. ಆ ಹೊಳಪೇ ಮೋಸ. ವೈರ್ ಬ್ರಷ್ ತುಕ್ಕಿನ ಗುಳಿಗಳ ಬಾಯಿಗೆ ಪಾಲಿಶ್ ಕೊಡುತ್ತದೆಯೇ ಹೊರತು ಗೀರು ಹಾಕುವುದಿಲ್ಲ. ಬ್ರಷ್ ಆದ ಮೇಲೆ 80 ನಂಬರಿನಲ್ಲಿ ಉಜ್ಜಲೇಬೇಕು. ಮೂಲೆ, ಉಬ್ಬು, ಬೋಲ್ಟಿನ ಸುತ್ತ ಕೈಯಲ್ಲೇ ಉಜ್ಜಬೇಕು, ಮೆಷಿನ್ ಅಲ್ಲಿಗೆ ಹೋಗುವುದಿಲ್ಲ. ಪದರ ಮೊದಲು ಏಳುವುದೂ ಅಲ್ಲಿಂದಲೇ.

ಎರಡನೆಯದು, ಕೆಂಪು ಪುಡಿ ಮೆತ್ತಿದ ಜಾಗ. ಅದು ತುಕ್ಕಿನ ಚಕ್ಕೆ. ಇಲ್ಲಿ ತೋಟದ ಗಾಡಿಗೇ ವಿಶೇಷವಾದ ಒಂದು ಸಂಗತಿ ಇದೆ, ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಜೀಪಿನಲ್ಲಿ ಗೊಬ್ಬರದ ಚೀಲ ಸಾಗಿಸುತ್ತಾರೆ, ಚೀಲ ಸೋರುತ್ತದೆ. ಪೊಟ್ಯಾಷ್ ಅಂತ ಕೊಳ್ಳುವ ಗೊಬ್ಬರದಲ್ಲಿ ಹೆಚ್ಚಿನದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅದೂ ಒಂದು ಉಪ್ಪೇ. ತುಕ್ಕಿನ ಗುಳಿಯಲ್ಲಿ ಕೂತ ಆ ಉಪ್ಪನ್ನು ಎಷ್ಟು ಒಣದಾಗಿ ಉಜ್ಜಿದರೂ ಪೂರ್ತಿ ಹೋಗದು. ಮೇಲೆ ಕೋಟಿಂಗ್ ಬಿದ್ದರೂ ಉಪ್ಪು ತೇವವನ್ನು ಎಳೆಯುತ್ತಲೇ ಇರುತ್ತದೆ, ಪದರದ ಅಡಿಯಲ್ಲಿ ನೀರುಗುಳ್ಳೆ ಏಳುತ್ತದೆ. ಕಾರವಾರ, ಮಂಗಳೂರು ಕಡೆಯ ಗಾಡಿಗಳಿಗೆ ಸಮುದ್ರದ ಉಪ್ಪಿನಿಂದಲೂ ಇದೇ ಪಾಡು. ಮದ್ದು ಸರಳ, ಬೇಸರದ ಕೆಲಸ ಅಷ್ಟೆ: ಚಕ್ಕೆ ತೆಗೆದ ಮೇಲೆ ನೆಲವನ್ನು ಶುದ್ಧ ನೀರಿನಲ್ಲಿ ನೈಲಾನ್ ಬ್ರಷ್ ಹಾಕಿ ಎರಡು ಮೂರು ಸಲ ತೊಳೆಯುವುದು, ಕೂಡಲೇ ಗಾಳಿ ಹೊಡೆದು ಒಣಗಿಸುವುದು, ಮೇಲೆ ಬಂದ ತೆಳು ಕೆಂಪನ್ನು ಮತ್ತೆ ಉಜ್ಜುವುದು.

ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್ ಹಚ್ಚಿದ್ದೇವೆ ಅಂತ ಗ್ಯಾರೇಜಿನವರು ಹೇಳಿದರೆ, ಹಚ್ಚಿ ಆಮೇಲೆ ಏನು ಮಾಡಿದಿರಿ ಅಂತ ಕೇಳಿ. ಹೆಚ್ಚಿನವುಗಳಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ. ಉಳಿದ ಆಮ್ಲವನ್ನು ಡಬ್ಬಿಯ ಮೇಲೆ ಹೇಳಿದ ಹಾಗೆ ತೆಗೆಯದೆ ಎಪಾಕ್ಸಿ ಪ್ರೈಮರ್ (ಬೆಡ್ ಲೈನರಿಗೆ ಮುಂಚೆ ತಗಡಿಗೆ ಹೊಡೆಯುವ ಅಡಿ ಕೋಟ್) ಹೊಡೆದರೆ ಪ್ರೈಮರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಚಕ್ಕೆ ಚಕ್ಕೆಯಾಗಿ ಎದ್ದ ತುಕ್ಕಿಗಂತೂ ಕನ್ವರ್ಟರ್ ಮೇಲಿನ ಪದರಕ್ಕಷ್ಟೇ ತಾಗುತ್ತದೆ, ಬುಡದಲ್ಲಿ ತುಕ್ಕು ತನ್ನ ಪಾಡಿಗೆ ತಿನ್ನುತ್ತಿರುತ್ತದೆ.

ತೂತು ಬಿದ್ದಲ್ಲಿ ಪುಟ್ಟಿ ಮೆತ್ತಿ ಮೇಲೆ ಕಪ್ಪು ಹೊಡೆದರೆ ಯಾರಿಗೂ ಗೊತ್ತಾಗದು. ಬೆಡ್ ಲೈನರಿನ ದೊರಗು ಮೈ ಎಲ್ಲವನ್ನೂ ಮುಚ್ಚುತ್ತದೆ, ಅದಕ್ಕೇ ಕಳ್ಳ ಕೆಲಸಕ್ಕೆ ಇದು ಬಲು ಅನುಕೂಲ. ಈ ಜೀಪಿನಲ್ಲಿ ಎರಡು ಕಡೆ ಸಿಕ್ಕಿದ್ದು ಪುಟ್ಟಿಯೇ. ಕಾರ್ಪೆಟ್ ಕಿತ್ತ ದಿನವೇ ಸ್ಕ್ರೂಡ್ರೈವರ್ ಹಿಡಿದು ಇಡೀ ನೆಲ ಕುಟ್ಟುತ್ತಾ ಹೋಗಿ. ಟಣ್ ಅನ್ನುವ ಕಡೆ ಸರಿ, ಮಂಕಾಗಿ ಕೇಳುವ ಕಡೆ ಕತ್ತರಿಸಿ ಹೊಸ ತಗಡು ಹಾಕಿ ವೆಲ್ಡ್ ಮಾಡಿಸಿ. ನೆಲಕ್ಕೆ 1ರಿಂದ 1.2 ಮಿ.ಮೀ. ತಗಡು ಸಾಕು. ವೆಲ್ಡಿಂಗಿಗೆ ಮುಂಚೆ ಗಾಡಿಯ ಅಡಿಗೆ ಇಣುಕಿ ಪೆಟ್ರೋಲ್ ಅಥವಾ ಡೀಸೆಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹೋಗಿದೆ ನೋಡಿಕೊಳ್ಳಬೇಕು. ಅಡಿಗೆ ಬಳಿದ ಟಾರಿನಂಥ ಕೋಟಿಂಗಿಗೂ ಬೆಂಕಿ ಹತ್ತುತ್ತದೆ, ಒಬ್ಬ ನೀರು ಹಿಡಿದು ಕೆಳಗೆ ನಿಂತಿರಲಿ.

ಮೂರನೆಯ ಗುರುತು ಕಪ್ಪಗೆ, ಬೆರಳಿಗೆ ಅಂಟುತ್ತದೆ, ಅದರಲ್ಲಿ ಸೆಣಬಿನ ಎಳೆಗಳೂ ಸಿಕ್ಕಿಕೊಂಡಿವೆ. ಹಳೇ ಮ್ಯಾಟಿನ ಅಂಟು ಅದು. ಕಾರುಗಳಲ್ಲಾದರೆ ಸದ್ದು ತಡೆಯಲು ಕಂಪನಿಯಿಂದಲೇ ಹಾಕಿದ ಟಾರಿನ ಹಾಳೆಗಳಿರುತ್ತವೆ. ಅದರ ಮೇಲೆ ಬೆಡ್ ಲೈನರ್ ಹೊಡೆದರೆ ಬಿಸಿಲಿಗೆ ಹಾಳೆ ಮೆತ್ತಗಾಗುತ್ತದೆ, ಮೇಲಿನ ಗಟ್ಟಿ ಪದರ ಅದರ ಜೊತೆ ಜಾರುತ್ತದೆ. ಹೀಟ್ ಗನ್ನಿನಲ್ಲಿ ಹದವಾಗಿ ಕಾಸಿ ಎರಡಿಂಚು ಸ್ಕ್ರೇಪರಿನಲ್ಲಿ ಎಬ್ಬಿಸಬೇಕು. ಹೆಚ್ಚು ಕಾಸಿದರೆ ಬೆಲ್ಲದ ಪಾಕದ ಹಾಗೆ ಹರಡಿಕೊಂಡು ಇನ್ನೂ ಕಷ್ಟ. ಉಳಿದ ಜಿಡ್ಡನ್ನು ಟರ್ಪೆಂಟೈನಿನಲ್ಲಿ ಒರೆಸಿ, ಆಮೇಲೆ ಟರ್ಪೆಂಟೈನಿನ ಎಣ್ಣೆಯಂಶವನ್ನೇ ಡಿಗ್ರೀಸರಿನಲ್ಲಿ ತೆಗೆಯಬೇಕು.

ಡಿಗ್ರೀಸರ್ ಹಾಕುವ ಸರದಿಯಲ್ಲೇ ಬಹಳ ಜನ ಎಡವುತ್ತಾರೆ. ಮೊದಲು ಒರೆಸುವುದು, ಆಮೇಲೆ ಉಜ್ಜುವುದು, ಕೊನೆಗೆ ಮತ್ತೆ ಒರೆಸುವುದು. ಒರೆಸದೆ ಉಜ್ಜಿದರೆ ಜಿಡ್ಡನ್ನು ಗೀರಿನೊಳಕ್ಕೆ ತುಂಬಿದಂತೆ. ಒಂದು ಬಟ್ಟೆಯಲ್ಲಿ ಹಚ್ಚಿ, ಒದ್ದೆ ಇರುವಾಗಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಬೇಕು, ಬಟ್ಟೆ ಬದಲಾಯಿಸುತ್ತಾ ಇರಬೇಕು. ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡ, ಅದರಲ್ಲಿ ನಿನ್ನೆಯ ಗ್ರೀಸು ಇರುತ್ತದೆ. ಪೆಟ್ರೋಲ್, ಸೀಮೆಎಣ್ಣೆಯೂ ಬೇಡ. ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕೋನ್ ಪಾಲಿಶ್ ನೆಲದ ಮೇಲೆ ಬಿದ್ದಿದ್ದರೆ ಕೋಟಿಂಗ್ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಬಿಟ್ಟುಕೊಳ್ಳುತ್ತದೆ. ಪರೀಕ್ಷೆಗೆ ಖರ್ಚಿಲ್ಲ: ಒಂದು ಲೋಟ ಶುದ್ಧ ನೀರು ಚೆಲ್ಲಿ. ತೆಳ್ಳಗೆ ಹರಡಿಕೊಂಡರೆ ನೆಲ ಸ್ವಚ್ಛ, ಕೆಸುವಿನ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ.

ನಾಲ್ಕನೆಯದು ಸುಕ್ಕು. ಸೀಟಿನ ಹಿಂದೆ ಪದರದ ಅಡಿಗೆ ಇಟ್ಟಿಗೆ ಬಣ್ಣದ ಸುಕ್ಕುಗಟ್ಟಿದ ಪೊರೆ ಅಂಟಿತ್ತು. ಗೇಟು, ಗ್ರಿಲ್ಲಿಗೆ ಹೊಡೆಯುವ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಅದು. ಎರಡು ಭಾಗ ಬೆರೆಸುವ ಬೆಡ್ ಲೈನರಿನಲ್ಲಿರುವ ಥಿನ್ನರ್ ಅದನ್ನು ಮೆತ್ತಗೆ ಮಾಡಿ ಎಬ್ಬಿಸಿಬಿಡುತ್ತದೆ. ಬರಿ ತಗಡಿಗೆ ಹಾರ್ಡನರ್ (ಗಟ್ಟಿಯಾಗಲು ಸೇರಿಸುವ ಎರಡನೇ ಭಾಗ) ಬೆರೆಸುವ ಎಪಾಕ್ಸಿ ಪ್ರೈಮರೇ ಬೇಕು, ಎರಡು ಕೋಟ್. ಎಪಾಕ್ಸಿ ಆರಿದ ಮೇಲೆ ತಗಡು ಸೇರುವ ಜೋಡುಗಳಿಗೆ ಪಾಲಿಯುರಥೇನ್ ಸೀಮ್ ಸೀಲರ್. ಹಳೇ ಸೀಲರ್ ಬಿರುಕು ಬಿಟ್ಟಿದ್ದರೆ ಪೂರ್ತಿ ಕೆರೆದು ತೆಗೆಯಿರಿ, ತುಕ್ಕು ಅಡಗುವುದು ಅದರ ಅಡಿಗೇ. ಪ್ರೈಮರಿನ ಮೇಲೆ ಎಷ್ಟು ಗಂಟೆಯೊಳಗೆ ಮುಂದಿನ ಕೋಟ್ ಹೊಡೆಯಬೇಕು ಅಂತ ಡಬ್ಬಿಯಲ್ಲಿ ಬರೆದಿರುತ್ತದೆ. ಆ ಹೊತ್ತು ದಾಟಿದರೆ ಮತ್ತೆ ಉಜ್ಜದೆ ವಿಧಿಯಿಲ್ಲ.

ಇನ್ನು ಹವೆ. ಪದರವನ್ನು ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ತೂತುಗಳು ಕಾಣುತ್ತವೆ. ಬೆಡ್ ಲೈನರಿನ ಹಾರ್ಡನರಿನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ನೀರಿನ ಜೊತೆ ಸೇರಿದರೆ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ, ಕೋಟಿಂಗ್ ಒಳಗೊಳಗೇ ನೊರೆಯೇಳುತ್ತದೆ. ಗಾಳಿಯ ತೇವಾಂಶ ಶೇ. 85ಕ್ಕಿಂತ ಕಡಿಮೆ ಇರಬೇಕು, ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಇದು ಆಗದ ಮಾತು. ಜನವರಿಯಿಂದ ಮಾರ್ಚ್‌ವರೆಗೆ, ಬೆಳಿಗ್ಗೆ ಹತ್ತರ ಮೇಲೆ, ಸಂಜೆ ನಾಲ್ಕರೊಳಗೆ ಮಾಡಿಸಿ. ಅರ್ಧ ಉಳಿದು ಗಾಳಿಯ ತೇವ ಹೀರಿದ ಹಾರ್ಡನರನ್ನು ಮುಂದಿನ ಗಾಡಿಗೆ ಬಳಸುವ ಗ್ಯಾರೇಜಿದ್ದರೆ ಅಲ್ಲಿಂದ ಎದ್ದು ಬನ್ನಿ.

ಬೋಲ್ಟಿನ ವಿಷಯದಲ್ಲಿ ಜೀವಕ್ಕೇ ಅಪಾಯ ಇದೆ. ಈ ಜೀಪಿನ ಸೀಟು ಬಿಚ್ಚದೆ ಸುತ್ತ ಹೊಡೆದಿದ್ದರು. ಬಿಚ್ಚಿ ಹೊಡೆಯುವವರು ಇನ್ನೊಂದು ತಪ್ಪು ಮಾಡುತ್ತಾರೆ: ಸೀಟು ಮತ್ತು ಸೀಟ್ ಬೆಲ್ಟ್ ಕೂರುವ ಜಾಗಕ್ಕೂ ದಪ್ಪಗೆ ಬಳಿಯುತ್ತಾರೆ. ರಬ್ಬರಿನಂಥ ಪದರದ ಮೇಲೆ ಬಿಗಿದ ಬೋಲ್ಟು ಪದರ ಅಮುಕಿಕೊಂಡಂತೆ ಸಡಿಲವಾಗುತ್ತದೆ. ಆ ಜಾಗಗಳಿಗೆ ಬ್ರಾಕೆಟ್ಟಿನ ಅಳತೆಗೆ ಟೇಪ್ ಕತ್ತರಿಸಿ ಅಂಟಿಸಿ, ಬರೀ ಎಪಾಕ್ಸಿ ಮಾತ್ರ ಇರಲಿ. ಬೋಲ್ಟಿನ ತೂತಿನೊಳಗೆ ಕೋಟಿಂಗ್ ತುಂಬದಂತೆ ಅಲ್ಲಿ ಹಳೇ ಬೋಲ್ಟು ತಿರುಗಿಸಿಡಿ. ವೈರಿಂಗಿನ ಅರ್ಥ್ ಪಾಯಿಂಟು, ನೀರು ಹೋಗುವ ತೂತು, ಇವನ್ನೂ ಬಿಡಬೇಕು. ರಬ್ಬರ್ ಪ್ಲಗ್ ಕೋಟಿಂಗ್ ಆರಿದ ಮೇಲೆ ಹಾಕುವುದು. ಈ ಜೀಪಿನ ನಾಲ್ಕೂ ತೂತು ಮುಚ್ಚಿಹೋಗಿದ್ದವು, ಒಳಗೆ ನೀರು ನಿಂತದ್ದು ಹಾಗೆ. ಕೆಲವು ಗಾಡಿಗಳಲ್ಲಿ ಚಾಸಿ ನಂಬರ್ ನೆಲದ ಮೇಲೆಯೇ ಕೊರೆದಿರುತ್ತದೆ. ಅದರ ಮೇಲೆ ಹೊಡೆದರೆ ಆರ್‌ಟಿಓದಲ್ಲಿ ಪೆನ್ಸಿಲ್ ಪ್ರಿಂಟ್ ತೆಗೆಯಲು ಆಗದೆ ಪರದಾಡುತ್ತೀರಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಸೀಟಿನ ಹಳದಿ ಕನೆಕ್ಟರ್ ಮುಟ್ಟುವ ಮುಂಚೆ ಬ್ಯಾಟರಿ ಕಳಚಿ ಹತ್ತು ನಿಮಿಷ ಕಾಯಿರಿ.

ಮಾಲು ಎಷ್ಟು ಬೇಕು ಅನ್ನುವುದು ಬಾಯಿಲೆಕ್ಕ. ಒಂದು ಚದರ ಮೀಟರಿಗೆ ಒಂದು ಲೀಟರ್ ಹರಡಿದರೆ ಒದ್ದೆಯಲ್ಲಿ 1 ಮಿ.ಮೀ. ದಪ್ಪ, ಥಿನ್ನರ್ ಹಾರಿದ ಮೇಲೆ ಇನ್ನೂ ಕಡಿಮೆ. ಮೂರು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ಡಬ್ಬಿಯಲ್ಲಿ ಮುಗಿಸಿದೆವು ಅಂದರೆ ಬರೀ ಬಣ್ಣ ಬಳಿದಿದ್ದಾರೆ ಅಂತ ಅರ್ಥ. ಟೇಪನ್ನು ಕೋಟಿಂಗ್ ಇನ್ನೂ ಮೆತ್ತಗಿರುವಾಗಲೇ ಎಳೆಯಿರಿ, ಗಟ್ಟಿಯಾದ ಮೇಲೆ ಎಳೆದರೆ ಅಂಚು ಹರಿದು ನೀರಿಗೆ ದಾರಿಯಾಗುತ್ತದೆ.

ಮನೆಯಲ್ಲೇ ರೋಲರಿನಲ್ಲಿ ಹೊಡೆಯುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಾಡಿಯೊಳಗೆ ಕೂರಬೇಡಿ. ಐಸೊಸೈನೇಟಿನಿಂದ ಆಸ್ತಮಾ ಬರುತ್ತದೆ, ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ಸೋಕಿದರೂ ಉಸಿರು ಹಿಡಿಯುತ್ತದೆ. ಬಾಗಿಲು ತೆಗೆದಿಟ್ಟು, ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿ. ಗನ್ನಿನಲ್ಲಿ ಸ್ಪ್ರೇ ಮಾಡಲು ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮುಖವಾಡವೇ ಬೇಕು, ಅದಿಲ್ಲದವರು ಸ್ಪ್ರೇ ಕೆಲಸಕ್ಕೆ ಇಳಿಯಬಾರದು.

ಸಕಲೇಶಪುರದ ಜೀಪಿಗೆ ಈಗ ಡ್ರೈವರ್ ಬದಿಯ ಅರ್ಧ ನೆಲ ಹೊಸ ತಗಡು. ಬಿಸಿಲು ಸಿಕ್ಕ ನಾಲ್ಕು ದಿನ ನೋಡಿ ಎಪಾಕ್ಸಿ ಹೊಡೆದಾಗಿದೆ, ಜೋಡುಗಳಿಗೆ ಸೀಲರ್ ಆಗಿದೆ, ಗಾಡಿ ಬೂದು ನೆಲದಲ್ಲೇ ಕಾಫಿ ಕುಯ್ಲಿಗೆ ಓಡಾಡುತ್ತಿದೆ. ಬೆಡ್ ಲೈನರ್ ಡಬ್ಬಿ ಸೀಲ್ ಒಡೆಯದೆ ಫೆಬ್ರವರಿಗೆ ಕಾದಿದೆ. ಅಷ್ಟರಲ್ಲಿ ಎಪಾಕ್ಸಿಯ ಹೊತ್ತು ಮೀರಿರುತ್ತದೆ, ಆದ್ದರಿಂದ ಹಿಂದಿನ ದಿನ ಮತ್ತೊಮ್ಮೆ 180 ನಂಬರಿನಲ್ಲಿ ಇಡೀ ನೆಲ ಉಜ್ಜಬೇಕು.