‘ಎಲ್ಲಿ ಬೇಕಾದರೂ ಕತ್ತರಿಸಬಹುದು’ ಎಂಬ ಮಾತು ನಂಬಿ ಎಲ್‌ಇಡಿ ಪ್ಯಾನೆಲ್‌ಗೆ ಕತ್ತರಿ ಹಾಕಬೇಡಿ

ದಾವಣಗೆರೆಯಲ್ಲಿ ಅಂಗಡಿ ಬೋರ್ಡು ಮತ್ತು ದೀಪಾಲಂಕಾರದ ಕೆಲಸ ಮಾಡಿಕೊಂಡಿರುವ ನಾನು, ಕಳೆದ ವರ್ಷ ಬೆಣ್ಣೆದೋಸೆ ಹೋಟೆಲೊಂದರ ಗಲ್ಲಾದ ಹಿಂದಿನ ಗೋಡೆಗೆ ದೋಸೆಯಂತೆ ದುಂಡಗಿರುವ, ಬಣ್ಣ ಬದಲಿಸುವ ಎಲ್‌ಇಡಿ ಪರದೆಯೊಂದನ್ನು ಮಾಡಿಕೊಡಲು ಒಪ್ಪಿಕೊಂಡು ಕೈ ಸುಟ್ಟುಕೊಂಡೆ. ನಡುವೆ ಬೆಣ್ಣೆಯ ಮುದ್ದೆ ಮೆಲ್ಲಗೆ ಕರಗಬೇಕು, ಅಂಚು ಕೆಂಪಗಾಗುತ್ತ ಬರಬೇಕು ಎಂಬುದು ಮಾಲೀಕರ ಆಸೆ. ಇಂತಹ ಕೆಲಸಕ್ಕೆ ಕೈ ಹಾಕುವವರು ನಾನು ಮಾಡಿದ ತಪ್ಪನ್ನು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬಗ್ಗುವ ಪ್ಯಾನೆಲ್‌ಗಳನ್ನು ನಾನು ಬೆಂಗಳೂರಿನಿಂದ ತರಿಸಿದೆ. ಒಂದೊಂದೂ ಹದಿನಾರು ಸೆಂಟಿಮೀಟರ್ ಚೌಕ. ಒಂದೊಂದರಲ್ಲಿ 16 ಸಾಲು, ಸಾಲಿಗೆ 16ರಂತೆ 256 ದೀಪಗಳು. ನಾಲ್ಕನ್ನು ಜೋಡಿಸಿ, ಮೂಲೆಗಳನ್ನು ಕತ್ತರಿಸಿ ತೆಗೆದರೆ ಒಂದಡಿಗಿಂತ ಸ್ವಲ್ಪ ದೊಡ್ಡ ವೃತ್ತ ಸಿಗುತ್ತದೆ ಎಂಬುದು ನನ್ನ ಲೆಕ್ಕ. ‘ಕತ್ತರಿಸಬಹುದೇ’ ಎಂದು ಕೇಳಿದಾಗ ಮಾರಿದವರು, ‘ಎಲ್ಲಿ ಬೇಕಾದರೂ ಕತ್ತರಿಸಿ ಸಾರ್, ಉಳಿದದ್ದು ಉರಿಯುತ್ತದೆ’ ಎಂದರು. ಅವರು ಬೇಕೆಂದೇ ಸುಳ್ಳು ಹೇಳಿದರು ಎಂದು ನನಗೆ ಈಗಲೂ ಅನಿಸುವುದಿಲ್ಲ. ಸಾಮಾನ್ಯ 12 ವೋಲ್ಟಿನ ಪಟ್ಟಿಯಲ್ಲಿ ಮೂರು ದೀಪಗಳಿಗೊಮ್ಮೆ ಕತ್ತರಿಯ ಗುರುತಿರುತ್ತದೆ. ಆ ಮೂರರ ಗುಂಪು ತನ್ನಷ್ಟಕ್ಕೆ ತಾನೇ ಒಂದು ಸರ್ಕ್ಯೂಟ್ ಆದ್ದರಿಂದ, ಗುರುತಿನಲ್ಲಿ ಕತ್ತರಿಸಿದರೆ ಉಳಿದ ಗುಂಪುಗಳಿಗೆ ಏನೂ ಆಗುವುದಿಲ್ಲ. ಅವರು ಆ ಪಟ್ಟಿಯ ಗುಣವನ್ನು ಈ ಪ್ಯಾನೆಲ್‌ಗೂ ಹಚ್ಚಿ ಮಾತನಾಡಿದರು, ನಾನು ನಂಬಿದೆ.

ಈ ಪ್ಯಾನೆಲ್‌ನಲ್ಲಿದ್ದದ್ದು ಡಬ್ಲ್ಯುಎಸ್ 2812ಬಿ ಜಾತಿಯ 5 ವೋಲ್ಟಿನ ದೀಪಗಳು. ಪ್ರತಿಯೊಂದು ದೀಪದ ಹೊಟ್ಟೆಯಲ್ಲೂ ಒಂದು ಚಿಪ್ ಇದ್ದು, ಅದು ಬಂದ ಸಂಕೇತದಲ್ಲಿ ತನ್ನ ಬಣ್ಣವನ್ನು ತಿಳಿಸುವ 24 ಬಿಟ್‌ಗಳನ್ನು ಇಟ್ಟುಕೊಂಡು, ಮಿಕ್ಕದ್ದನ್ನು ಪಕ್ಕದ ದೀಪಕ್ಕೆ ದಾಟಿಸುತ್ತದೆ. ಅಂದರೆ 256 ದೀಪಗಳೂ ಒಂದೇ ಸರಪಳಿ. ಆ ಸರಪಳಿ ಸಾಗುವುದು ಎತ್ತು ಹೊಲ ಉಳುವ ಹಾಗೆ: ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋಗಿ, ಬದುವಿನ ಬಳಿ ತಿರುಗಿ, ಮುಂದಿನ ಸಾಲಿನಲ್ಲಿ ಬಲದಿಂದ ಎಡಕ್ಕೆ ಬರುತ್ತದೆ. ನಾನು ಕತ್ತರಿಸಿದ್ದು ಎತ್ತು ತಿರುಗುವ ಆ ಜಾಗವನ್ನೇ.

ಮೊದಲನೆಯ ಪ್ಯಾನೆಲ್‌ನಲ್ಲಂತೂ ಡೇಟಾ, ಅಂದರೆ ಆ ಸಂಕೇತ, ಒಳಬರುವ ಮೂಲೆಯನ್ನೇ ಕತ್ತರಿಸಿ ಎಸೆದಿದ್ದೆ. ಅದು ಹೊತ್ತಿಕೊಳ್ಳಲೇ ಇಲ್ಲ. ತಪ್ಪು ಹೊಳೆದ ಮೇಲೆ, ಹೆಚ್ಚುವರಿಯಾಗಿ ತರಿಸಿದ್ದ ಒಂದನ್ನೂ ಸೇರಿಸಿಕೊಂಡು, ನಾಲ್ಕೂ ಪ್ಯಾನೆಲ್‌ಗಳ ಒಳಬರುವ ಮೂಲೆ ವೃತ್ತದ ನಡುವಿಗೆ ಬರುವಂತೆ ತಿರುಗಿಸಿ ಜೋಡಿಸಿ ಕತ್ತರಿಸಿದೆ. ಹಚ್ಚಿದಾಗ ಪ್ರತಿ ಪ್ಯಾನೆಲ್‌ನಲ್ಲೂ ಮೊದಲ ಐದು ಸಾಲು ಮಾತ್ರ ಉರಿದವು. ವೃತ್ತದ ನಡುಭಾಗಕ್ಕೆ ಹತ್ತಿರವಿರುವ ಮೊದಲ ನಾಲ್ಕು ಸಾಲುಗಳಿಗೆ ವೃತ್ತದ ಅಂಚು ತಾಕುವುದಿಲ್ಲ. ಐದನೆಯ ಸಾಲಿನ ತುದಿಯಲ್ಲಿ ತಿರುವು ಕತ್ತರಿಸಿಹೋಗಿರುವುದರಿಂದ ಸಂಕೇತ ಅಲ್ಲಿಗೇ ನಿಂತಿತು. ಒಂದೊಂದು ಪ್ಯಾನೆಲ್ ಒಂದೊಂದು ದಿಕ್ಕಿಗೆ ತಿರುಗಿದ್ದರಿಂದ ಉರಿದ ಪಟ್ಟಿಗಳು ನಾಲ್ಕು ರೆಕ್ಕೆಗಳಂತೆ ಕಂಡವು. ನೋಡಲು ಬಂದಿದ್ದ ಮಾಲೀಕರು, ‘ತಮ್ಮಾ, ನಾನು ಕೇಳಿದ್ದು ದೋಸೆ, ನೀನು ಫ್ಯಾನ್ ಮಾಡಿದ್ದೀಯಲ್ಲೋ’ ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪ್ಯಾನೆಲ್‌ಗೆ ಆರರಂತೆ ಒಟ್ಟು 24 ಕಡೆ ಸಾಲಿನಿಂದ ಸಾಲಿಗೆ ಸಣ್ಣ ವೈರ್ ಬೆಸೆಯುವುದೊಂದೇ ಉಳಿದಿದ್ದ ದಾರಿ. ಕತ್ತರಿಸಿದ ಅಂಚಿನಲ್ಲಿ ಬೆಸೆಯಲು ಉಳಿದಿದ್ದ ತಾಮ್ರ ಅಕ್ಕಿಕಾಳಿನ ಮೂಗಿನಷ್ಟು. ಸಾಲ್ಡರಿಂಗ್ ಐರನ್ ಒಂದು ಕ್ಷಣ ಹೆಚ್ಚು ತಾಕಿದರೆ ಅದೂ ಕಿತ್ತು ಬರುತ್ತಿತ್ತು. ಎರಡು ರಾತ್ರಿ ಕುಳಿತು 24ನ್ನೂ ಮುಗಿಸಿ ಪವರ್ ಸಪ್ಲೈ ಹಾಕಿದೆ. ಸುಟ್ಟ ವಾಸನೆ ಬಂದು, ಕೆಂಪು ವೈರಿನ ಕವಚ ಕೈಯಲ್ಲೇ ಮೆತ್ತಗಾಯಿತು. ಭೂತಗನ್ನಡಿಯಲ್ಲಿ ನೋಡಿದರೆ, ಕತ್ತರಿಯ ಬಾಯಿ ಒತ್ತಿ ಎಳೆದ ಕಡೆ ಕೂದಲಿನಂತಹ ತಾಮ್ರದ ಎಳೆಯೊಂದು 5 ವೋಲ್ಟಿನ ಪದರವನ್ನೂ ಗ್ರೌಂಡ್ ಪದರವನ್ನೂ ಸೇರಿಸಿತ್ತು. ಮಲ್ಟಿಮೀಟರ್ ಇಟ್ಟು ಬೀಪ್ ಬರುತ್ತದೆಯೇ ಎಂದು ಮೊದಲೇ ನೋಡಿದ್ದರೆ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತಿದ್ದ ದೋಷವದು. ಇಂತಹ ಕಡೆ ಶಾರ್ಟ್ ಆದರೆ ಹುಡುಗಾಟವಲ್ಲ: ವೃತ್ತದೊಳಗೆ ಉಳಿಯುವ 812 ದೀಪಗಳು ಪೂರ್ಣ ಬಿಳಿ ಬಣ್ಣದಲ್ಲಿ, ದೀಪವೊಂದಕ್ಕೆ 60 ಮಿಲಿ ಆಂಪಿಯರ್‌ನಂತೆ ಸುಮಾರು 49 ಆಂಪಿಯರ್ ಎಳೆಯುತ್ತವೆ ಎಂದು 60 ಆಂಪಿಯರಿನ ಸಪ್ಲೈ ತಂದಿದ್ದೆ; ಅಷ್ಟೂ ಶಕ್ತಿ ಆ ಒಂದು ಎಳೆಯ ಕಡೆಗೆ ನುಗ್ಗಿತ್ತು.

ಶಾರ್ಟ್ ಬಿಡಿಸಿದರೂ ಚಿತ್ರ ಸರಿಬರಲಿಲ್ಲ. ದೀಪಗಳು ಕಡಿಮೆಯಾದಂತೆ ಅವುಗಳ ಕ್ರಮಸಂಖ್ಯೆ ಬದಲಾಗುತ್ತದೆ. ಸಂಕೇತ ಕಳಿಸುವ ಕಂಟ್ರೋಲರ್ ಇನ್ನೂ ಪೂರ್ಣ ಚೌಕವಿದೆ ಎಂದುಕೊಂಡು ಕಳಿಸಿದ್ದರಿಂದ ಬೆಣ್ಣೆ ಅಂಚಿನಲ್ಲಿ ಚೂರುಚೂರಾಗಿ ಕಾಣಿಸಿತು. ಆ ಹಂತದಲ್ಲಿ ನಾನು ಕೈಬಿಟ್ಟೆ. ಪ್ಯಾನೆಲ್‌ಗಳಿಗೆ ಹಾಕಿದ ಹಣ, ಎರಡು ವಾರದ ದುಡಿಮೆ ಎರಡೂ ಹೋದವು. ಹೋಟೆಲಿನ ಪ್ರಾರಂಭೋತ್ಸವಕ್ಕೆ ಗೋಡೆ ಖಾಲಿಯಾಗಿಯೇ ಉಳಿಯಿತು.

ಆದ್ದರಿಂದ ಕೊಳ್ಳುವ ಮೊದಲು ‘ಕತ್ತರಿಸಬಹುದೇ’ ಎಂದು ಕೇಳಬೇಡಿ, ‘ಡೇಟಾ ಯಾವ ದಾರಿಯಲ್ಲಿ ಸಾಗುತ್ತದೆ, ತೋರಿಸಿ’ ಎಂದು ಕೇಳಿ. ನೀವೇ ವಿನ್ಯಾಸ ಮಾಡುವುದಾದರೆ ಸರಪಳಿಯನ್ನು ನಡುವಿನಿಂದ ಹೊರಕ್ಕೆ ಜಿಲೇಬಿಯಂತೆ ಸುತ್ತಿಸಿ. ಆಗ ಹೊರಸುತ್ತನ್ನು ಕತ್ತರಿಸಿದರೂ ಹೋಗುವುದು ಸರಪಳಿಯ ಬಾಲ ಮಾತ್ರ. ಸಂಕೇತಕ್ಕೆ ಎರಡನೆಯ ದಾರಿ ಇರುವ ಡಬ್ಲ್ಯುಎಸ್ 2815ರಂತಹವು ನಡುವೆ ಒಂದು ದೀಪ ಸತ್ತರೆ ಕಾಪಾಡುತ್ತವೆ, ಕತ್ತರಿಯಿಂದ ಕಾಪಾಡುವುದಿಲ್ಲ. ಇನ್ನು ಹಿಂಬದಿಯಲ್ಲಿ ಅಡ್ಡಸಾಲು ಮತ್ತು ಉದ್ದಸಾಲುಗಳ ದೀಪಗಳನ್ನು ನಡೆಸುವ ಚಿಪ್‌ಗಳಿರುವ, ದೊಡ್ಡ ಪರದೆಗಳಿಗೆ ಬಳಸುವ ರಬ್ಬರಿನ ಮಾಡ್ಯೂಲ್‌ಗಳು ಬಗ್ಗುತ್ತವೆ ಅಷ್ಟೇ. ಅವುಗಳ ಹತ್ತಿರ ಕತ್ತರಿ ಸುಳಿಯಲೇಬಾರದು.

ಕೊನೆಗೆ ಆ ಹೋಟೆಲಿಗೆ ಹೊಸದಾಗಿ ನಾಲ್ಕು ಪ್ಯಾನೆಲ್ ತರಿಸಿ, ಕತ್ತರಿಸದೆ ಹಾಗೆಯೇ ಜೋಡಿಸಿ, ಮೇಲೆ ದುಂಡನೆಯ ಕಿಂಡಿ ಕೊರೆದ ಕಪ್ಪು ಅಕ್ರಿಲಿಕ್ ಹಾಳೆಯನ್ನು ಕೂರಿಸಿದೆ. ಮೂಲೆಗಳಲ್ಲಿರುವ 212 ದೀಪಗಳು ಅದರ ಹಿಂದೆ ಆರಿಯೇ ಇರುತ್ತವೆ. ಕತ್ತರಿಸಿ ಕೆಡಿಸಿದ ಹಳೆಯ ಪ್ಯಾನೆಲ್‌ಗಳು ಅಂಗಡಿಯ ಡಬ್ಬಿಯೊಂದರಲ್ಲಿವೆ. ಬೇರೆ ಬೋರ್ಡುಗಳಲ್ಲಿ ದೀಪ ಸತ್ತಾಗ ಅವುಗಳಿಂದ ಒಂದೊಂದನ್ನೇ ಕಿತ್ತು ಬಳಸುತ್ತಿದ್ದೇನೆ.